ಬಾಗಿಲ ನಂಬರು

ನಮ್ಮ ರಾಜಾಜಿನಗರದಲ್ಲಿ ಒಂದು ಮನೆ ಹುಡುಕುವುದೆಂದರೆ ಅದೊಂದು ಸಣ್ಣ ವ್ರತವೇ ಸರಿ. ಬ್ಲಾಕು, ಮೈನು, ಕ್ರಾಸು ಮೂರನ್ನೂ ಒಪ್ಪವಾಗಿ ಹೇಳಿದರೂ ಸಾಲದು. 'ಎಂ' ಬ್ಲಾಕೋ 'ಎನ್' ಬ್ಲಾಕೋ, ಕಾರ್ಡ್ ರೋಡಿನ ಈ ಕಡೆಯೋ ಪಶ್ಚಿಮದ ಕಡೆಯೋ, ಹಳೇ ನಂಬರೋ ಹೊಸ ನಂಬರೋ ಎಂಬ ಪ್ರಶ್ನೆಗಳು ಸಾಲುಗಟ್ಟಿ ನಿಲ್ಲುತ್ತವೆ. ಮದುವೆಯಾಗಿ ಈ ಬಡಾವಣೆಗೆ ಬಂದ ಹೊಸದರಲ್ಲಿ ನಾವಿದ್ದದ್ದು ಒಂದು ವಠಾರದಲ್ಲಿ. ಏಳು ಸಂಸಾರಕ್ಕೆ ಒಂದೇ ಬಾಗಿಲ ನಂಬರು. ಒಂದು ದಿನ ಬೆಳಿಗ್ಗೆ ಸಾಲ ಕೊಟ್ಟವನೊಬ್ಬ ಬಂದು, ಹಿಂದಿನ ಮನೆಯವರಿಗೆ ಸಲ್ಲಬೇಕಾದ ಬೈಗುಳವನ್ನೆಲ್ಲ ನಮ್ಮ ಯಜಮಾನರಿಗೆ ಸಲ್ಲಿಸಿ ಹೋದ. ಅವನು ತಂದಿದ್ದ ಚೀಟಿಯಲ್ಲಿ ನಂಬರು ಸರಿಯಾಗಿಯೇ ಇತ್ತು. ಮನುಷ್ಯ ಮಾತ್ರ ತಪ್ಪಾಗಿದ್ದ. ಆಗ ನಾವೆಲ್ಲ ಹೊಟ್ಟೆ ತುಂಬ ನಕ್ಕಿದ್ದೆವು. ಮುಂದೆ ನಾನೂ ಅಂಥದ್ದೇ ಚೀಟಿ ಹಿಡಿದು ಹೊರಡುತ್ತೇನೆಂದು ಯಾರಿಗೆ ಗೊತ್ತಿತ್ತು!

ಅದು 2009ರ ಜುಲೈ ತಿಂಗಳು. ನಮ್ಮ ಪ್ರೌಢಶಾಲೆಗೆ ಆಗ ತಾನೇ ಒಂದು ಇ-ಮೇಲ್ ವಿಳಾಸ ಬಂದಿತ್ತು. ವಾರಕ್ಕೆರಡು ಸಲ ಗುಮಾಸ್ತರು ಅದನ್ನು ತೆರೆದು, ಇಲಾಖೆಯ ಸುತ್ತೋಲೆ ಏನಾದರೂ ಇದ್ದರೆ ಅಚ್ಚು ಹಾಕಿಸಿ ಕೊಡುತ್ತಿದ್ದರು. ಒಂದು ಶನಿವಾರ ಅವರು ಏನೂ ಹೇಳದೆ ಹೆಡ್‌ಮಿಸ್ ಕೋಣೆಗೆ ನನ್ನನ್ನು ಕರೆಸಿದರು. ನಮ್ಮ ಹತ್ತನೆಯ ತರಗತಿಯ ಒಬ್ಬ ಹುಡುಗಿಯ ಬಗ್ಗೆ ಯಾರೋ ಕಾಗದ ಬರೆದಿದ್ದರು. ಅದರಲ್ಲಿದ್ದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಕೊನೆಯ ಸಾಲಿನಲ್ಲಿ, ಇದನ್ನು ಅವಳ ಅಪ್ಪನ ಆಫೀಸಿಗೂ ಕಳಿಸುತ್ತೇನೆಂಬ ಬೆದರಿಕೆ. ಕಳಿಸಿದವನ ಹೆಸರು ಸುಳ್ಳು ಹೆಸರೆಂದು ನೋಡಿದರೇ ತಿಳಿಯುತ್ತಿತ್ತು.

ಹೆಡ್‌ಮಿಸ್ "ಅಳಿಸಿಹಾಕಿಬಿಡಿ, ಮೈಲಿಗೆ" ಎಂದರು. ನಾನು ಬೇಡವೆಂದೆ. ಬುದ್ಧಿವಂತಿಕೆಯಿಂದಲ್ಲ, ಸಿಟ್ಟಿನಿಂದ. ಅದನ್ನು ಬರೆದ ಕೈ ಯಾವುದೆಂದು ನನಗೆ ಗೊತ್ತಾಗಲೇಬೇಕಿತ್ತು.

ನನ್ನ ಮೈದುನನ ಮಗ ಆಗ ಇಂಜಿನಿಯರಿಂಗ್ ಓದುತ್ತಿದ್ದ. ಅವನು ಬಂದು ಆ ಮೇಲಿನ 'ಫುಲ್ ಹೆಡರ್' ಎಂಬುದನ್ನು ತೆಗೆದು ತೋರಿಸಿದ. ನಾವು ಕಾಣುವ ಕಾಗದದ ಹಿಂದೆ, ಅಂಚೆ ಮುದ್ರೆಗಳ ಹಾಗೆ, ಅದು ಯಾವ ಯಾವ ಯಂತ್ರದ ಮೂಲಕ ಹಾದುಬಂತೆಂಬ ಸಾಲುಗಳಿರುತ್ತವೆ. ಕೆಳಗಿನ ಸಾಲಿನಲ್ಲಿ ಚುಕ್ಕಿಗಳಿಂದ ಬೇರೆ ಮಾಡಿದ ನಾಲ್ಕು ಸಂಖ್ಯೆಗಳು. ಅದೇ ಐಪಿ ಅಡ್ರೆಸ್. ಪ್ರತಿ ಸಂಖ್ಯೆಯೂ 0ಯಿಂದ 255ರ ಒಳಗೆ. ಹಾಗಾಗಿ ಇಡೀ ಲೋಕಕ್ಕೆ ಇಂಥ ವಿಳಾಸಗಳು ಸುಮಾರು 430 ಕೋಟಿ ಮಾತ್ರವಂತೆ. ಯಾವ ಸಂಖ್ಯೆ ಯಾರ ಪಾಲಿನದು ಎಂಬ ಖಾತೆ ಪುಸ್ತಕವನ್ನು ನಮ್ಮ ಏಷ್ಯದ ಮಟ್ಟಿಗೆ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿರುವ ಎಪಿನಿಕ್ ಎಂಬ ಸಂಸ್ಥೆ ಇಟ್ಟಿದೆ. 'ಹೂ ಈಸ್' ಎಂದು ಕೇಳಿದರೆ ಆ ಪುಸ್ತಕದ ಪುಟ ಯಾರಿಗಾದರೂ ತೆರೆದುಕೊಳ್ಳುತ್ತದೆ.

ತೆರೆದುಕೊಂಡಿತು. ಒಂದು ಇಂಟರ್ನೆಟ್ ಕಂಪನಿಯ ಹೆಸರು ಬಂತು. "ಊರು ಬೆಂಗಳೂರು ದೊಡ್ಡಮ್ಮ. ಟೈಮು ಗುರುವಾರ ರಾತ್ರಿ 22:10" ಎಂದ ಹುಡುಗ.

ನನಗೆ ಅಷ್ಟೇ ಸಾಕಾಯಿತು. ನನ್ನ ತರಗತಿಯಲ್ಲಿ ಬಸವೇಶ್ವರನಗರದಿಂದ ಬರುತ್ತಿದ್ದ ಒಬ್ಬ ಹುಡುಗನಿದ್ದ. ಮನೆಯಲ್ಲಿ ಕಂಪ್ಯೂಟರು, ಅದೇ ಕಂಪನಿಯ ಸಂಪರ್ಕ. ತರಗತಿಯ ನಾಯಕತ್ವದ ವಿಷಯದಲ್ಲಿ ಆ ಹುಡುಗಿಯ ಜೊತೆ ಅವನಿಗೆ ಜಗಳವೂ ಆಗಿತ್ತು. ರಾತ್ರಿ ಹತ್ತು ಗಂಟೆಗೆ ಮನೆಯಲ್ಲಿ ಕುಳಿತು ಬರೆಯುವ ಅನುಕೂಲ ಇನ್ಯಾರಿಗಿದೆ? ಖಾತೆ ಪುಸ್ತಕ ಹೇಳಿದ್ದು ಕಂಪನಿಯ ಹೆಸರನ್ನು. ಹುಡುಗನ ಹೆಸರು ಹೇಳಿದ್ದು ನನ್ನ ಮನಸ್ಸು.

ಸೋಮವಾರ ಅವನನ್ನು ಸ್ಟಾಫ್ ರೂಮಿಗೆ ಕರೆಸಿದೆ. ಇತರ ಶಿಕ್ಷಕಿಯರು ಅಲ್ಲೇ ಇದ್ದರು.

"ಗುರುವಾರ ರಾತ್ರಿ ಕಂಪ್ಯೂಟರ್ ಮುಂದೆ ಕೂತಿದ್ಯೇನೋ?"

"ಹೌದು ಮಿಸ್, ಗೇಮ್ ಆಡ್ತಿದ್ದೆ."

"ಬರೀ ಗೇಮಾ? ನಿಜ ಹೇಳು. ನಮಗೆಲ್ಲ ಗೊತ್ತಾಗಿದೆ."

ಅವನಿಗೆ ವಿಷಯವೇ ತಿಳಿಯದು. ಸುಮ್ಮನೆ ನಿಂತ. ಆ ಮೌನವನ್ನೂ ನಾನು ಅವನ ಲೆಕ್ಕಕ್ಕೇ ಬರೆದುಕೊಂಡೆ. ಅವನ ತಾಯಿಗೆ ಫೋನ್ ಮಾಡಿ, ನಾಳೆ ಬಂದು ಹೋಗಿ ಎಂದೆ.

ಅಂದು ಸಂಜೆ ದೇವರು ಕಳಿಸಿದ ಹಾಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಂಗಿಯ ಮದುವೆಯ ಕರೆಯೋಲೆ ಕೊಡಲು ಮನೆಗೆ ಬಂದ. ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಕಾಫಿ ಕೊಟ್ಟು, ಅಚ್ಚು ಹಾಕಿಸಿದ್ದ ಹೆಡರನ್ನು ಹೆಮ್ಮೆಯಿಂದ ತೋರಿಸಿದೆ. ಅವನು ಲೋಟ ಕೆಳಗಿಟ್ಟ.

"ಮೇಡಂ, ಇಲ್ಲಿ 22:10 ಆದ ಮೇಲೆ -0700 ಅಂತ ಇದೆಯಲ್ಲ, ಅದನ್ನ ನೋಡಿದ್ರಾ?"

ನೋಡಿದ್ದೆ. ಏನೋ ಯಂತ್ರದ ಗುರುತೆಂದು ಬಿಟ್ಟಿದ್ದೆ.

"ಇದು ಅಮೆರಿಕದ ಪಶ್ಚಿಮ ತೀರದ ಟೈಮು. ಗ್ರೀನಿಚ್‌ಗಿಂತ ಏಳು ಗಂಟೆ ಹಿಂದೆ. ನಾವು ಐದೂವರೆ ಗಂಟೆ ಮುಂದೆ. ಹನ್ನೆರಡೂವರೆ ಗಂಟೆ ಕೂಡಿಸಬೇಕು ಮೇಡಂ."

ಎಂಬತ್ತೆರಡೂವರೆ ಡಿಗ್ರಿ ರೇಖಾಂಶ, ಭಾರತದ ಶಿಷ್ಟ ಕಾಲ ಎಂದು ವರ್ಷಾವರ್ಷ ಬೋರ್ಡಿನ ಮೇಲೆ ಗೆರೆ ಎಳೆದು ಪಾಠ ಹೇಳುವವಳು ನಾನೇ! ಬೆರಳು ಮಡಿಸಿ ಎಣಿಸಿದೆ. ಗುರುವಾರ ರಾತ್ರಿ ಹತ್ತು ಹತ್ತು ಎಂದರೆ ನಮ್ಮಲ್ಲಿ ಶುಕ್ರವಾರ ಬೆಳಿಗ್ಗೆ ಹತ್ತು ನಲವತ್ತು. ಶುಕ್ರವಾರ ಹತ್ತೂಕಾಲಿಗೆ ನಾನೇ ಹಾಜರಿ ಕೂಗಿದ್ದೆ. ಹನ್ನೊಂದರವರೆಗೆ ನನ್ನದೇ ಪಾಠ. ಆ ಹುಡುಗ ಎರಡನೆಯ ಬೆಂಚಿನಲ್ಲಿ ನನ್ನ ಕಣ್ಣೆದುರಿಗೇ ಕುಳಿತಿದ್ದ.

ನನ್ನ ಮುಖ ನೋಡಿ ಹಳೆಯ ವಿದ್ಯಾರ್ಥಿಗೆ ಅರ್ಥವಾಗಿರಬೇಕು. ಮೆಲ್ಲಗೆ, "ಎರಡು ವರ್ಷದ ಹಿಂದೆ ನಮ್ಮೂರಿನ ಇಂಜಿನಿಯರ್ ಒಬ್ಬರನ್ನ ಪುಣೆ ಪೊಲೀಸರು ಹಿಡ್ಕೊಂಡು ಹೋದ್ರಲ್ಲ, ನೆನಪಿದೆಯಾ ಮೇಡಂ?" ಎಂದ. ನೆನಪಿತ್ತು, ಪತ್ರಿಕೆಗಳಲ್ಲಿ ಬಂದಿತ್ತು. 2007ರ ಆಗಸ್ಟ್ ಕೊನೆಯಲ್ಲಿ ನಡೆದದ್ದು. ಆರ್ಕುಟ್‌ನಲ್ಲಿ ಯಾರೋ ಶಿವಾಜಿಯನ್ನು ಅವಮಾನಿಸುವ ಚಿತ್ರ ಹಾಕಿದ್ದರು. ಪೊಲೀಸರು ಐಪಿ ಅಡ್ರೆಸ್ ಹಿಡಿದು ಹೊರಟರು. ಅದು ಯಾರ ಬಳಿ ಇತ್ತೆಂದು ಕೇಳಿದಾಗ ಇಂಟರ್ನೆಟ್ ಕಂಪನಿಯಿಂದ ತಪ್ಪು ಗ್ರಾಹಕನ ವಿವರ ಹೋಯಿತು. ಆ ಚಿತ್ರಕ್ಕೂ ತನಗೂ ಸಂಬಂಧವೇ ಇಲ್ಲದ ಬೆಂಗಳೂರಿನ ಆ ಮನುಷ್ಯ ಪುಣೆಯ ಯರವಡಾ ಜೈಲಿನಲ್ಲಿ 50 ದಿನ ಕಳೆದು ಬಂದರು. ಅಂದು ಪತ್ರಿಕೆ ಓದುತ್ತಾ ನಾನು "ಅಯ್ಯೋ ಪಾಪ, ಇವರಿಗೆಲ್ಲ ಬುದ್ಧಿ ಎಲ್ಲಿ ಹೋಗಿರುತ್ತೆ" ಎಂದಿದ್ದೆ. ನನ್ನ ಬುದ್ಧಿ ಎಲ್ಲಿ ಹೋಗಿತ್ತು?

ಮರುದಿನ ಆ ತಾಯಿ ಶಾಲೆಗೆ ಬರುವ ಮುಂಚೆ ನಾನೇ ಅವರ ಮನೆಗೆ ಹೋದೆ. ನಡೆದದ್ದನ್ನೆಲ್ಲ ಹೇಳಿ, ತಪ್ಪು ನನ್ನದು ಎಂದೆ. ಆಕೆ ಕಾಫಿ ಕೊಟ್ಟರು, ನಗಲಿಲ್ಲ. "ರಾತ್ರಿ ಊಟ ಮಾಡಿಲ್ಲ ಮೇಡಂ ಅವನು" ಎಂದರು, ಅಷ್ಟೇ. ಶಾಲೆಯಲ್ಲಿ, ಯಾರ ಮುಂದೆ ಅವನನ್ನು ಕೇಳಿದ್ದೆನೋ ಅವರೆಲ್ಲರ ಮುಂದೆಯೇ ಕರೆಸಿ ತಪ್ಪಾಯಿತು ಎಂದೆ. "ಪರವಾಗಿಲ್ಲ ಮಿಸ್" ಎಂದು ತಲೆ ಬಗ್ಗಿಸಿದ. ಆದರೆ ಅಂದಿನಿಂದ ಅವನು ಕೊನೆಯ ಬೆಂಚಿಗೆ ಹೋದ. ದಸರಾ ರಜೆಯವರೆಗೆ ನನ್ನ ಪಾಠದಲ್ಲಿ ಒಮ್ಮೆಯೂ ಕೈ ಎತ್ತಲಿಲ್ಲ.

ಇತ್ತ ದೂರು ಕೊಡುವ ಕೆಲಸವನ್ನು ಹಳೆಯ ವಿದ್ಯಾರ್ಥಿ ಸರಿಯಾದ ಕ್ರಮದಲ್ಲಿ ಮಾಡಿಸಿದ. ಕಂಪನಿಗಳಲ್ಲಿ ಇಂಥ ದೂರುಗಳಿಗೆಂದೇ 'ಅಬ್ಯೂಸ್' ಎಂಬ ಹೆಸರಿನ ಅಂಚೆಪೆಟ್ಟಿಗೆ ಇರಬೇಕೆಂಬುದು 1997ರಿಂದಲೂ ಇರುವ ರೂಢಿ. ನಾನು ಗಾದೆಗಳನ್ನು ಸೇರಿಸಿ ಎರಡು ಪುಟ ಬರೆದೆ. ಅವನು ನಕ್ಕು, "ಮೇಡಂ, ಇದು ಪ್ರಬಂಧ ಅಲ್ಲ" ಎಂದು ಎಂಟು ಸಾಲಿಗೆ ಇಳಿಸಿದ. ಯಾವ ವಿಳಾಸ, ಯಾವ ದಿನ, ಎಷ್ಟು ಗಂಟೆ, ಅದು ಯಾವ ದೇಶದ ಗಂಟೆ, ಏನು ನಡೆಯಿತು, ಮತ್ತು ಒಂದಕ್ಷರವೂ ತಿದ್ದದ ಪೂರ್ತಿ ಹೆಡರು. ಅನುಮಾನದ ಹೆಸರು ಎಲ್ಲೂ ಬರಕೂಡದು.

ಕಂಪನಿಯಿಂದ ಒಂದು ನಂಬರಿನ ಜೊತೆ ಉತ್ತರ ಬಂತು: ಗ್ರಾಹಕರ ಹೆಸರನ್ನು ನಿಮಗೆ ಹೇಳುವಂತಿಲ್ಲ, ಪೊಲೀಸರು ಕೇಳಿದರೆ ಕೊಡುತ್ತೇವೆ. ಮೊದಲು ನನಗೆ ರೇಗಿತು. ಆಮೇಲೆ ಯೋಚಿಸಿದೆ. ಕೇಳಿದವರಿಗೆಲ್ಲ ಹೇಳುವುದಾದರೆ, ಆ ಕೊಳಕು ಕಾಗದ ಬರೆದವನೂ ನಾಳೆ ನಮ್ಮ ಹುಡುಗಿಯ ಮನೆ ಎಲ್ಲಿದೆ ಎಂದು ಕೇಳಬಹುದಲ್ಲ! ಸಾಲದ ಚೀಟಿ ಹಿಡಿದವನಿಗೆ ವಠಾರದ ಬಾಗಿಲು ತೋರಿಸಬಾರದು.

ಹುಡುಗಿಯ ತಂದೆ ಮೊದಲು ಹಿಂಜರಿದರು, ಮಾನದ ಪ್ರಶ್ನೆ. "ಅವಳು ಮಾಡಿದ ತಪ್ಪೇನೂ ಇಲ್ಲವಲ್ಲ" ಎಂದ ಮೇಲೆ ಒಪ್ಪಿದರು. ಅರಮನೆ ರಸ್ತೆಯ ಕಾರ್ಲ್‌ಟನ್ ಹೌಸಿನಲ್ಲಿದ್ದ ಸಿಐಡಿಯ ಸೈಬರ್ ಠಾಣೆಗೆ ಮೂವರೂ ಹೋದೆವು. 2001ರಲ್ಲಿ ಶುರುವಾದ ಅದು ದೇಶದಲ್ಲೇ ಮೊದಲನೆಯ ಸೈಬರ್ ಠಾಣೆ. ಅಲ್ಲಿದ್ದ ಅಧಿಕಾರಿ ಮೊದಲು ಕೇಳಿದ್ದೇ "ಮೂಲ ಮೇಲ್ ಅಳಿಸಿಲ್ಲ ತಾನೇ?" ಎಂದು. ಹೆಡ್‌ಮಿಸ್ ನನ್ನ ಕಡೆ ನೋಡಿದರು. ಆ ಒಂದು ಸಿಟ್ಟು ಮಾತ್ರ ಕೆಲಸಕ್ಕೆ ಬಂದಿತ್ತು.

ಎರಡು ತಿಂಗಳ ಮೇಲೆ ತಿಳಿಯಿತು: ಆ ಹೊತ್ತಿನಲ್ಲಿ ಆ ವಿಳಾಸ ಇದ್ದದ್ದು ವಿಜಯನಗರದ ಒಂದು ಸೈಬರ್ ಕೆಫೆಯಲ್ಲಿ. ಬಂದವರ ಗುರುತು, ಸಮಯ ಬರೆದಿಡಬೇಕೆಂದು ರಾಜ್ಯ ಸರ್ಕಾರ 2004ರಲ್ಲೇ ಕೆಫೆಗಳಿಗೆ ನಿಯಮ ಮಾಡಿತ್ತು. ಪುಸ್ತಕದಲ್ಲಿ ಆ ವೇಳೆಗೆ ಒಂದು ಗೀಚಿದ ಸಹಿ ಇತ್ತು, ಓದಲು ಬರುವ ಹೆಸರು ಇರಲಿಲ್ಲ. ಬರೆದವನು ಇಂದಿಗೂ ಸಿಕ್ಕಿಲ್ಲ. ಆದರೆ ಎರಡನೆಯ ಕಾಗದ ಬರಲಿಲ್ಲ. ಹುಡುಗಿ ಪರೀಕ್ಷೆ ಬರೆದಳು, ಪಾಸಾದಳು.

ಈಗ ಕಾಲ ಇನ್ನೂ ಮುಂದೆ ಬಂದಿದೆ. ಹಳೆಯ ಮಾದರಿಯ ವಿಳಾಸಗಳು ಸಾಲದೆ, ಮೊಬೈಲ್ ಕಂಪನಿಗಳು ಒಂದೇ ಐಪಿ ಅಡ್ರೆಸ್ಸನ್ನು ಎಷ್ಟೋ ಫೋನುಗಳಿಗೆ ಹಂಚುತ್ತವೆ. ಮತ್ತೆ ನಮ್ಮ ವಠಾರವೇ. ಸೆಕೆಂಡು ಸಹಿತ ಸಮಯ, 'ಪೋರ್ಟ್' ಎಂಬ ಒಳಮನೆಯ ನಂಬರು ಎರಡೂ ಇಲ್ಲದಿದ್ದರೆ ಕಂಪನಿಗೂ ಮನೆ ಗುರುತಿಸುವುದು ಕಷ್ಟ. 2022ರ ಕೇಂದ್ರದ ಆದೇಶದಂತೆ ಈ ದಾಖಲೆಗಳನ್ನು 180 ದಿನ ಇಡಬೇಕು. ಆದ್ದರಿಂದ ಅಳುತ್ತಾ ಕೂರುವ ಬದಲು ಬೇಗ ದೂರು ಕೊಡುವುದು ಮೇಲು. 2019ರಿಂದ ಎಲ್ಲ ಬಗೆಯ ಸೈಬರ್ ಅಪರಾಧಕ್ಕೂ ಮನೆಯಿಂದಲೇ ದೂರು ಬರೆಯುವ ಕೇಂದ್ರ ಸರ್ಕಾರದ ಜಾಲತಾಣವಿದೆ. ಹಣ ಕಳೆದುಕೊಂಡವರು ತಕ್ಷಣ 1930ಕ್ಕೆ ಫೋನ್ ಮಾಡಬಹುದು. ನನ್ನಲ್ಲಿಗೆ ಬರುವ ತಾಯಂದಿರಿಗೆ ಇಷ್ಟನ್ನೂ ಹೇಳುತ್ತೇನೆ. "ಯಾರು ಅಂತ ನಮಗೆ ಗೊತ್ತು ಮಿಸ್" ಎಂದು ಅವರು ಶುರು ಮಾಡಿದರೆ ಮಾತ್ರ, ಅದೊಂದನ್ನು ಸದ್ಯಕ್ಕೆ ನಿಮ್ಮಲ್ಲೇ ಇಟ್ಟುಕೊಳ್ಳಿ ಎನ್ನುತ್ತೇನೆ.

ಆ ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿ ಟಿ.ಸಿ. ತೆಗೆದುಕೊಳ್ಳಲು ಬಂದಾಗ ಸ್ಟಾಫ್ ರೂಮಿನಲ್ಲಿ ನಾನೊಬ್ಬಳೇ ಇದ್ದೆ. ನಮಸ್ಕಾರ ಮಾಡಿದ. ಹೊರಡುವಾಗ ಬಾಗಿಲಲ್ಲಿ ನಿಂತು ಗೋಡೆಯ ಕಡೆ ನೋಡಿ ಹೇಳಿದ: "ಮಿಸ್, ನಿಮ್ಮ ಗಡಿಯಾರ ಹತ್ತು ನಿಮಿಷ ಮುಂದಿದೆ."

ಅವನು ಹೋದ ಮೇಲೆ ಸ್ಟೂಲು ಹಾಕಿಕೊಂಡು ಹತ್ತಿ ಸರಿಮಾಡಿದೆ.