ತಿಕೋಟಾದ ಅಂಗಳದಲ್ಲಿ ಒಂದು ಜೀಪು

ಕಳೆದ ಮಳೆಗಾಲದ ಕೊನೆಯ ಒಂದು ಭಾನುವಾರ. ತಂಗಿಯ ಮನೆಗೆಂದು ವಿಜಯಪುರದಿಂದ ತಿಕೋಟಾದ ಬಸ್ಸು ಹತ್ತಿದೆ. ನಮ್ಮ ನಗರದ ಪಶ್ಚಿಮದ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಇದೆಯಲ್ಲ? 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ ಅದರ ತೂಕ ಸುಮಾರು 55 ಟನ್. ಅದನ್ನು ಇಲ್ಲಿಗೆ ಎಳೆದು ತರಲು ಆನೆಗಳು, ನೂರಾರು ಎತ್ತುಗಳು ಬೇಕಾದವು ಎನ್ನುತ್ತಾರೆ. ಮಳೆ ಬಿದ್ದ ಎರೆಮಣ್ಣಿನಲ್ಲಿ ಹತ್ತು ಹೆಜ್ಜೆ ನಡೆದವರಿಗೆ ಆ ಮಾತು ಉತ್ಪ್ರೇಕ್ಷೆ ಎನಿಸುವುದಿಲ್ಲ. ಚಪ್ಪಲಿಗೆ ಅಂಟಿದ ಮಣ್ಣು ಹೆಜ್ಜೆಗೊಮ್ಮೆ ಭಾರವಾಗುತ್ತದೆ.

ಅಥಣಿ ರಸ್ತೆಯಲ್ಲಿ ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ದಾಟಿ ಮುಂದೆ ಹೋದಂತೆ ದ್ರಾಕ್ಷಿ ತೋಟಗಳು ಕಾಣತೊಡಗಿದವು. ತಂಗಿಯದೂ ಒಂದು ಸಣ್ಣ ತೋಟ. ಬಳ್ಳಿ ಸವರುವ ಅಕ್ಟೋಬರ್ ಚಾಟ್ನಿ ಹತ್ತಿರ ಬಂದಿತ್ತು. ಆದರೆ ತೋಟದ ಕೆಸರು ದಾರಿಯಲ್ಲಿ ಹೋಗಬಲ್ಲ ಒಂದೇ ವಾಹನ, ಅವರ ಹಳೆಯ ಮಹೀಂದ್ರ ಡೀಸೆಲ್ ಜೀಪು, ಅಂಗಳದಲ್ಲಿ ಬಾನೆಟ್ ತೆರೆದು ನಿಂತಿತ್ತು. ಚಾಲೂ ಆಗುತ್ತಿತ್ತು, ಎರಡು ನಿಮಿಷದಲ್ಲಿ ನಿಂತುಬಿಡುತ್ತಿತ್ತು.

ತಂಗಿಯ ಮಗನಿಗೆ ಜೀಪಿನ ಹುಚ್ಚು. ಡೀಸೆಲ್ ಪಂಪ್ ಬದಲಿಸಬೇಕು, ಹಾಗೆಯೇ ದೊಡ್ಡ ಟಯರು ಹಾಕಿ ಜೀಪನ್ನು ಅರ್ಧ ಅಡಿ ಎತ್ತರಿಸಬೇಕು ಎಂಬುದು ಅವನ ಹಟ. ಹಣವನ್ನೂ ಕೂಡಿಟ್ಟಿದ್ದ. ಬಬಲೇಶ್ವರದಿಂದ ಬಂದ ವಯಸ್ಸಾದ ಮಿಸ್ತ್ರಿ ಮಾತ್ರ ಯಾವುದಕ್ಕೂ ಅವಸರ ಮಾಡಲಿಲ್ಲ. ಡೀಸೆಲ್ ಪೈಪನ್ನು ಬೆರಳಿನಿಂದ ಸವರುತ್ತಾ ಹೋದರು.

"ತಮ್ಮಾ, ಪಂಪ್ ಚಲೋ ಐತಿ. ಗಾಳಿ ಹೊಕ್ಕೈತಿ, ಅಷ್ಟ."

ಡೀಸೆಲ್ ಎಂಜಿನ್‌ಗೆ ಕಿಡಿ ಬೇಕಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾಯುತ್ತದೆ. ಆ ಕಾವಿಗೆ ಸಿಂಪಡಿಸಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಆದರೆ ಡೀಸೆಲ್ ಹರಿಯುವ ಪೈಪಿನಲ್ಲಿ ಗಾಳಿಯ ಗುಳ್ಳೆ ಸೇರಿದರೆ ಪಂಪು ಆ ಗುಳ್ಳೆಯನ್ನೇ ಒತ್ತುತ್ತದೆ, ಡೀಸೆಲ್ ಮುಂದೆ ಹೋಗುವುದಿಲ್ಲ. ಹಳೆಯ ರಬ್ಬರ್ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕು ಇತ್ತು. ಒಂದು ತುಂಡು ಹೊಸ ಪೈಪು ಹಾಕಿದರು. ಫಿಲ್ಟರಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದರು. ನೊರೆ ನಿಂತು ಬರೀ ಡೀಸೆಲ್ ಬಂದಾಗ ಸ್ಕ್ರೂ ಬಿಗಿದರು. ಜೀಪು ಗುಡುಗಿತು. ಹೊಸ ಪಂಪಿನ ಖರ್ಚು ಉಳಿಯಿತು.

ಹುಡುಗ ಮತ್ತೆ ಟಯರಿನ ಮಾತು ತೆಗೆದ. ಮಿಸ್ತ್ರಿ ಉತ್ತರಿಸದೆ ಬ್ರೇಕ್ ತುಳಿದು ನೋಡಿದರು. ಪೆಡಲು ಮೆತ್ತಗೆ ಕೆಳಗಿಳಿಯಿತು.

"ಇದರಾಗ ಯಾರ್ ಕುಂದರತಾರ?"

"ನಾವ, ಮತ್ತ ತೋಟದ ಹೆಣ್ಣಮಕ್ಕಳು" ಎಂದಳು ತಂಗಿ.

"ಎತ್ತರ ಮಾಡೂದು ಆಮ್ಯಾಲೆ. ಮೊದಲ ನಿಲ್ಲೂದು ನೋಡು, ತಮ್ಮಾ."

ನಾನೂ ದನಿಗೂಡಿಸಿದೆ. ವಾಹನ ಎತ್ತರವಾದಷ್ಟೂ ತಿರುವಿನಲ್ಲಿ ಮಗುಚುವ ಭಯ ಹೆಚ್ಚು. ಮೋಟಾರು ವಾಹನ ಕಾಯ್ದೆಯ 52ನೇ ಕಲಮೂ ಮನಬಂದಂತೆ ಬದಲಾಯಿಸಲು ಬಿಡುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿ ಹಿಡಿದಿದೆ. ಹುಡುಗ ಮುಖ ಬಾಡಿಸಿದ, ಆದರೆ ಚಕ್ರ ಬಿಚ್ಚಲು ತಾನೇ ಕುಳಿತ. ಜಾಕಿಯೊಂದನ್ನೇ ನಂಬಬಾರದೆಂದು ಮಿಸ್ತ್ರಿ ಕೆಳಗೆ ಗಟ್ಟಿ ಆಧಾರ ಕೊಡಿಸಿದರು. ಹಿಂದಿನ ಚಕ್ರದ ಒಳಗೆ ಬ್ರೇಕ್ ಎಣ್ಣೆ ಸೋರಿ ತೇವವಾಗಿತ್ತು. ರಬ್ಬರ್ ವಾಷರುಗಳು ಸವೆದುಹೋಗಿದ್ದವು.

ಹೊಸ ವಾಷರ್ ಹಾಕಿದ ಮೇಲೆ ಬ್ರೇಕಿನ ಪೈಪಿನಿಂದಲೂ ಗಾಳಿ ತೆಗೆಯಬೇಕು. ಅದಕ್ಕೆ ಇಬ್ಬರು ಬೇಕು, ಒಬ್ಬರು ಚಕ್ರದ ಬಳಿ, ಇನ್ನೊಬ್ಬರು ಪೆಡಲಿನ ಮೇಲೆ. ಹುಡುಗ ದೀಪ ಹಿಡಿದಿದ್ದ. ಮದುವೆಯಾಗಿ ಬಂದ ಇಪ್ಪತ್ತು ವರ್ಷಗಳಲ್ಲಿ ಚಾಲಕನ ಸೀಟಿನಲ್ಲಿ ಒಮ್ಮೆಯೂ ಕೂರದ ತಂಗಿ ದುಪಟ್ಟಾ ಬಿಗಿದುಕೊಂಡು ಹತ್ತಿ ಕುಳಿತಳು.

"ಒತ್ರೀ ಅಕ್ಕಾರ... ಹಂಗ ಹಿಡೀರಿ... ಈಗ ಬಿಡ್ರಿ."

ಶೀಶೆಯಲ್ಲಿ ಗುಳ್ಳೆಗಳು ಒಂದೊಂದಾಗಿ ಏಳುತ್ತಿದ್ದವು. ನಾಲ್ಕೂ ಚಕ್ರ ಮುಗಿಯುವಾಗ ಅಸರ್ ಹೊತ್ತಾಗಿತ್ತು. ಪೆಡಲು ಕಾಲಡಿ ಕಲ್ಲಿನಂತೆ ಗಟ್ಟಿಯಾಗಿತ್ತು.

ಸಂಜೆ ಅದೇ ಜೀಪಿನಲ್ಲಿ ಮಿಸ್ತ್ರಿಯವರನ್ನು ಬಬಲೇಶ್ವರದಲ್ಲಿ ಇಳಿಸಿ ವಿಜಯಪುರದ ಕಡೆ ಹೊರಟೆವು. ನಾನೂ ತಂಗಿಯೂ ಹಿಂದೆ ಕುಳಿತಿದ್ದೆವು. ಸಾರವಾಡದ ಬಳಿ ಡೋಣಿ ಕೆಂಪಾಗಿ ಹರಿಯುತ್ತಿತ್ತು. ಡೋಣಿ ಹರಿದರೆ ಓಣಿಗೆಲ್ಲ ಕಾಳು ಎನ್ನುವುದು ನಮ್ಮ ಕಡೆಯ ಮಾತು. ಸೇತುವೆಯ ಹತ್ತಿರ ಎಮ್ಮೆಯೊಂದು ಫಕ್ಕನೆ ಅಡ್ಡ ಬಂತು. ಹುಡುಗ ಬ್ರೇಕ್ ತುಳಿದ. ಜೀಪು ಅಲ್ಲೇ ನಿಂತಿತು.

ಯಾರೂ ಮಾತಾಡಲಿಲ್ಲ. ಎಮ್ಮೆ ನಿಧಾನಕ್ಕೆ ದಾಟಿ ಹೋಯಿತು. ತಂಗಿ ನನ್ನ ಕೈ ಹಿಡಿದು "ಅಲ್‌ಹಮ್ದುಲಿಲ್ಲಾಹ್" ಎಂದಳು. ಹುಡುಗ ಹಿಂತಿರುಗಿ ನೋಡಿ, "ಅಮ್ಮೀ, ಟಯರಿನ ರೊಕ್ಕದಾಗ ಮುಂದಿನ ಬ್ರೇಕೂ ಪೂರ್ತಿ ಹೊಸಾದು ಹಾಕಸೋಣು" ಎಂದ.