ಎತ್ತಿಗೆ ಗೊತ್ತಿದ್ದ ದಾರಿ

ಚಾಲಕನಿಲ್ಲದ ಗಾಡಿ ನಮ್ಮ ಡೋಣಿಗೆ ಹೊಸದಲ್ಲ. ಮುಂಡರಗಿ ಸಂತೆ ಮುಗಿಸಿ ಚಕ್ಕಡಿ ಏರಿದ ಅಜ್ಜ, ಪೇಟೆ ದಾಟುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದ. ಎತ್ತುಗಳು ಕಪ್ಪತಗುಡ್ಡದ ಗುರುತು ಹಿಡಿದೋ ಏನೋ, ತಾವಾಗಿಯೇ ಮನೆ ಮುಂದೆ ಬಂದು ನಿಲ್ಲುತ್ತಿದ್ದವು. ಆದರೆ ತುಂಗಭದ್ರೆಯಾಚೆ ಬೀಗರ ಊರಿಗೆ ಹೊರಟಾಗ ಅದೇ ಅಜ್ಜ ಹಗ್ಗ ಸಡಿಲಿಸುತ್ತಿರಲಿಲ್ಲ. ಆ ದಾರಿ ಎತ್ತುಗಳಿಗೆ ಗೊತ್ತಿರಲಿಲ್ಲ.

ಇಂಜಿನಿಯರಿಂಗ್ ಓದುವ ಅಣ್ಣನ ಮಗಳು ರಜೆಗೆ ಬಂದಾಗ, "ಮನುಷ್ಯ ಓಡಿಸುವ ಕಾರಿಗಿಂತ ತಾನೇ ಓಡುವ ಕಾರು ಕ್ಷೇಮ" ಎಂದು ವಾದ ಹೂಡಿದಳು. ಇಪ್ಪತ್ತು ವರ್ಷ ಲಾರಿ ಓಡಿಸಿದ ಅಣ್ಣ ಒಪ್ಪುವನೇ? ನಾನು ಮಾತ್ರ ಮುಕ್ಕಾಲು ಪಾಲು ಹುಡುಗಿಯ ಕಡೆ ವಾಲಿದೆ.

2023ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1.72 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನ ಸಾವಿಗೆ ಅತಿವೇಗವೇ ಕಾರಣ. ಯಂತ್ರಕ್ಕೆ ನಿದ್ದೆ ಬಾರದು, ಅದು ಕುಡಿಯದು, ಮುಂದೆ ಹೋದ ಬಸ್ಸಿನವನ ಮೇಲೆ ಹಟ ಸಾಧಿಸದು. ಅಮೆರಿಕದಲ್ಲಿ ವೇಮೊ ಕಂಪನಿಯ ಕಾರುಗಳು ತಾವೇ ಓಡಿದ 2.53 ಕೋಟಿ ಮೈಲಿಗಳ ಲೆಕ್ಕವನ್ನು ಸ್ವಿಸ್ ರೀ ಎಂಬ ವಿಮಾ ಸಂಸ್ಥೆ 2024ರಲ್ಲಿ ಪ್ರಕಟಿಸಿತು. (ಕಂಪನಿಯೂ ಜತೆಗಿದ್ದು ಮಾಡಿದ ಲೆಕ್ಕ, ಅದು ನೆನಪಿರಲಿ.) ಜನರಿಗೆ ಗಾಯವಾಗಿ ಪರಿಹಾರ ಕೇಳಿದ ಪ್ರಕರಣಗಳು, ಮನುಷ್ಯರು ಓಡಿಸುವ ಕಾರುಗಳಿಗೆ ಹೋಲಿಸಿದರೆ ಶೇ 92ರಷ್ಟು ಕಡಿಮೆ.

ಆದರೆ ಅವು ಓಡಿದ್ದು ಮೊದಲೇ ಇಂಚಿಂಚು ನಕ್ಷೆ ಮಾಡಿಟ್ಟುಕೊಂಡ ಫೀನಿಕ್ಸ್, ಸ್ಯಾನ್ ಫ್ರಾನ್ಸಿಸ್ಕೊಗಳಂಥ ನಗರಗಳಲ್ಲಿ. ಎತ್ತಿಗೆ ಗೊತ್ತಿದ್ದ ದಾರಿ ಅದು. ಸುಗ್ಗಿಯಲ್ಲಿ ನಮ್ಮ ಕಡೆ ಡಾಂಬರು ರಸ್ತೆಯ ಮೇಲೇ ಹುರುಳಿ ಹರವುತ್ತಾರೆ, ಗಾಡಿಗಳು ಹಾಯ್ದು ಕಾಳು ಉದುರಲಿ ಎಂದು. ತಪ್ಪೇ, ಬೈಕಿನವರು ಜಾರಿ ಬೀಳುತ್ತಾರೆ. "ನಿನ್ನ ಕಾರು ಅದನ್ನು ಅಡ್ಡಿ ಎಂದು ನಿಂತೀತೋ, ರಸ್ತೆ ಎಂದು ಹಾಯ್ದೀತೋ? ಪಕ್ಕದಲ್ಲಿ ಗೋಣಿ ಹೊದ್ದು ಮಲಗಿದವನನ್ನು ಚೀಲ ಅಂದುಕೊಂಡರೆ?" ಎಂದು ಅಣ್ಣ ಕೇಳಿದ. ಹುಡುಗಿಯ ಬಳಿ ಉತ್ತರವಿರಲಿಲ್ಲ.

ಅದು ಬರೀ ಲಾರಿಯವನ ತಕರಾರಲ್ಲ. 2018ರ ಮಾರ್ಚ್‌ನಲ್ಲಿ ಅರಿಜೋನಾದ ಟೆಂಪಿಯಲ್ಲಿ ಉಬರ್ ಕಂಪನಿ ಪರೀಕ್ಷೆಗೆ ಬಿಟ್ಟಿದ್ದ ಕಾರು, ರಾತ್ರಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಗುದ್ದಿ, ಆಕೆ ಸತ್ತಳು. ಐದು ಸೆಕೆಂಡಿಗೂ ಮೊದಲೇ ಅದಕ್ಕೆ ಆಕೆ ಕಂಡಿದ್ದಳು. ಒಮ್ಮೆ ವಾಹನ ಎಂದುಕೊಂಡಿತು, ಒಮ್ಮೆ ಸೈಕಲ್ ಎಂದುಕೊಂಡಿತು. ಜೀಬ್ರಾ ಪಟ್ಟಿ ಇಲ್ಲದ ಕಡೆಯೂ ಜನ ದಾಟುತ್ತಾರೆಂಬುದು ಅದರ ಲೆಕ್ಕದಲ್ಲೇ ಇರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಪಟ್ಟಿ ನೋಡಿ ದಾಟುವವರು ಯಾರು ಹೇಳಿ? ಕಾರಿನೊಳಗೆ ಕಾವಲಿಗೆಂದು ಒಬ್ಬರು ಕೂತಿದ್ದರು. ಅವರ ಕಣ್ಣು ಫೋನಿನ ಮೇಲಿತ್ತು.

ನನಗೆ ಹೆಚ್ಚು ಭಯ ಇದರದೇ. ಪೂರ್ತಿ ಯಂತ್ರದ್ದೂ ಅಲ್ಲ, ಪೂರ್ತಿ ಮನುಷ್ಯನದ್ದೂ ಅಲ್ಲದ ಸಾರಥ್ಯ. ತಾನೇ ಬ್ರೇಕ್ ಹಾಕುವ, ತಾನೇ ಪಥ ಕಾಯುವ ಕಾರುಗಳು ನಮ್ಮಲ್ಲೂ ಮಾರಾಟಕ್ಕಿವೆ. ಅವು ಚಾಲಕನಿಗೆ ನೆರವು, ಬದಲಿಯಲ್ಲ. ಮಗನ ಕೈಗೆ ಅಂಥ ಕಾರಿನ ಕೀಲಿ ಕೊಡುವ ಅಪ್ಪಂದಿರು, ಜತೆಗೆ ಬರುವ ಪುಸ್ತಿಕೆಯನ್ನೂ ಒಮ್ಮೆ ಓದಿಸಲಿ. ಪಥ ಕಾಯಲು ಅದಕ್ಕೆ ರಸ್ತೆಯ ಬಿಳಿ ಗೆರೆ ಕಾಣಬೇಕು. ಗೆರೆ ಅಳಿಸಿಹೋದ ಹಳ್ಳಿ ರಸ್ತೆಗೆ ತಿರುಗಿದೊಡನೆ ಅದು ಸ್ಟಿಯರಿಂಗ್ ಬಿಟ್ಟುಕೊಡುತ್ತದೆ.