ದೊಡ್ಡ ಮಕ್ಕಳು ಅಳುವುದಿಲ್ಲ

ನಮ್ಮ ಅಧ್ಯಾಪಕರ ಕೊಠಡಿಯ ಕಪಾಟಿನಲ್ಲಿ ಹಾಜರಿ ಪುಸ್ತಕಗಳ ಜೊತೆಗೆ ಇನ್ನೊಂದು ಪುಸ್ತಕವೂ ಇದೆ. ಅದು ಸರಕಾರದ ಲೆಕ್ಕಕ್ಕೆ ಸೇರಿದುದಲ್ಲ. ಪೇಟೆಯ ಅಂಗಡಿಯಿಂದ ತಂದ ಸಾಮಾನ್ಯ ನೋಟುಪುಸ್ತಕ. ಮೊದಲ ಪುಟದಲ್ಲಿ '೨೦೨೦ ಜುಲೈ' ಎಂದು ಬರೆದಿದೆ. ಒಳಗೆಲ್ಲ ನಮ್ಮ ಹಳೆಯ ವಿದ್ಯಾರ್ಥಿಗಳ ಹೆಸರುಗಳು. ಒಂದು ಹೆಸರಿನ ಮುಂದೆ 'ಪುಸ್ತಕಗಳು ಹಾಸ್ಟೆಲಿನಲ್ಲಿ ಬಾಕಿ' ಎಂದಿದೆ. ಇನ್ನೊಂದರ ಮುಂದೆ 'ಫೋನ್ ಕೆಟ್ಟಿದೆ'. ಮತ್ತೊಂದರ ಮುಂದೆ 'ತಂದೆಗೆ ಕೆಲಸವಿಲ್ಲ'. ಈ ಸಂಚಿಕೆಗೆ ಏನಾದರೂ ಬರೆಯಬೇಕೆಂದು ಕುಳಿತಾಗ ನಮ್ಮ ಕೈಗೆ ಬಂದುದು ಅದೇ ಪುಸ್ತಕ.

ಪ್ರಿಯ ವಿದ್ಯಾರ್ಥಿಗಳೇ, ಆಗ ನೀವು ತೀರ ಸಣ್ಣವರು. ೨೦೨೦ರ ಮಾರ್ಚ್ ೨೨ರಂದು ಜನತಾ ಕರ್ಫ್ಯೂ ಆಯಿತು. ೨೫ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿ ಕುಳಿತಿತು. ರೈಲು ನಿಂತಿತು, ಬಸ್ಸು ನಿಂತಿತು. ತಲಪಾಡಿಯಲ್ಲಿ ಗಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಬಿತ್ತು. ದೇಶದಲ್ಲೇ ಹೆಚ್ಚು ಕೋವಿಡ್ ರೋಗಿಗಳಿದ್ದ ಜಿಲ್ಲೆಗಳಲ್ಲಿ ನಮ್ಮ ಕಾಸರಗೋಡೂ ಆಗ ಒಂದಾಗಿತ್ತು.

ಈ ಗಡಿ ಮುಚ್ಚುವುದೆಂದರೆ ನಮ್ಮ ಮಕ್ಕಳಿಗೆ ಏನೆಂಬುದು ಹೊರಗಿನವರಿಗೆ ಬೇಗ ತಿಳಿಯದು. ಇಲ್ಲಿ ಹತ್ತನೆಯ ತರಗತಿಯ ತನಕ ಕನ್ನಡದಲ್ಲಿ ಕಲಿತವರಲ್ಲಿ ಕೆಲವರು ಕಾಸರಗೋಡಿನ ಸರಕಾರಿ ಕಾಲೇಜಿಗೆ ಸೇರುತ್ತಾರೆ, ಕೆಲವರು ಕಣ್ಣೂರು ವಿಶ್ವವಿದ್ಯಾನಿಲಯದ ಬೇರೆ ಕಾಲೇಜುಗಳಿಗೆ ಹೋಗುತ್ತಾರೆ. ಆದರೆ ಬಹಳ ಮಂದಿ ಹೋಗುವುದು ಮಂಗಳೂರಿನ ಕಡೆಗೆ. ಮನೆ ಒಂದು ರಾಜ್ಯದಲ್ಲಿ, ಕಾಲೇಜು ಇನ್ನೊಂದು ರಾಜ್ಯದಲ್ಲಿ. ಎರಡು ವಾರದಲ್ಲಿ ಮರಳಬಹುದೆಂದು ಒಂದು ಚೀಲ ಬಟ್ಟೆಯೊಂದಿಗೆ ಬಂದವರು ತಿಂಗಳುಗಟ್ಟಲೆ ಮನೆಯಲ್ಲೇ ಉಳಿದರು. ಎರಡು ಕಡೆಯ ಆದೇಶಗಳಲ್ಲಿ ತಮಗೆ ಸೇರಿದುದು ಯಾವುದೆಂದು ಅವರಿಗೆ ತಿಳಿಯುತ್ತಿರಲಿಲ್ಲ.

ನಾವು ಅಧ್ಯಾಪಕರು ಸುಮ್ಮನೆ ಕುಳಿತಿರಲಿಲ್ಲ, ನಿಜ. ಜೂನ್ ೧ರಂದು ವಿಕ್ಟರ್ಸ್ ವಾಹಿನಿಯಲ್ಲಿ 'ಫಸ್ಟ್ ಬೆಲ್' ಪಾಠ ಆರಂಭವಾದಾಗ ಯಾರ ಮನೆಯಲ್ಲಿ ಟಿ.ವಿ. ಇಲ್ಲವೆಂದು ಮನೆಮನೆಗೆ ವಿಚಾರಿಸಿದೆವು. ಮಧ್ಯಾಹ್ನದ ಊಟದ ಬದಲು ಬಂದ ಅಕ್ಕಿ, ಕಾಳುಗಳ ಕಿಟ್ ಹಂಚಿದೆವು. ಆದರೆ ಅದೆಲ್ಲ ಶಾಲೆಯ ಮಕ್ಕಳಿಗೆ. ಕಾಲೇಜಿನ ಮಕ್ಕಳ ಹೆಸರು ನಮ್ಮ ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. 'ಅವರು ದೊಡ್ಡವರಲ್ಲವೇ, ನೋಡಿಕೊಳ್ಳುತ್ತಾರೆ' ಎಂದು ನಾವು ನಾವೇ ಹೇಳಿಕೊಂಡೆವು. ಅತ್ತರಷ್ಟೇ ತಾಯಿ ಹಾಲು ಕೊಡುವಳೆಂಬ ಮಾತು ಹಳೆಯದು. ದೊಡ್ಡ ಮಕ್ಕಳು ಅಳುವುದಿಲ್ಲವೆಂಬುದು ನಮಗೆ ಹೊಳೆಯಲೇ ಇಲ್ಲ.

ಜುಲೈಯಲ್ಲಿ ಕಿರಿಯ ಮಗನ ಕಿಟ್ ಒಯ್ಯಲು ಬಂದ ತಾಯಿಯೊಬ್ಬರು ಚೀಲ ಹಿಡಿದುಕೊಂಡು ಹೋಗದೆ ನಿಂತೇ ಇದ್ದರು. ಬೀಡಿ ಕಟ್ಟಿ ಮನೆ ನಡೆಸುವವರು; ಎಲೆ, ಹೊಗೆಸೊಪ್ಪು ಬಾರದೆ ಅವರ ಕೈಕೆಲಸವೂ ನಿಂತಿತ್ತು. "ಎಂತ ಅಮ್ಮ?" ಎಂದು ಕೇಳಿದೆವು. "ದೊಡ್ಡವನು ಎಂತ ಮಾಡಿದರೂ ಏಳುವುದಿಲ್ಲ ಮಾಸ್ಟ್ರೇ. ಗಂಜಿಯೂ ಬೇಡವಂತೆ. ಇನ್ನು ಕಾಲೇಜು ಸಾಕು, ಕಲ್ಲಿನ ಕೋರೆಗೆ ಹೋಗುತ್ತೇನೆ ಅಂತಾನೆ" ಎಂದರು. ಆ ಹುಡುಗ ಗಡಿಯಾಚೆಯ ಕಾಲೇಜೊಂದರಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದ. ನಮ್ಮ ಶಾಲೆಯಲ್ಲಿ ಕನ್ನಡದಲ್ಲಿ ಎ ಪ್ಲಸ್ ಪಡೆದವನು.

ಆ ಸಂಜೆಯೇ ಇಬ್ಬರು ಹೋಗಿ ಅವರ ಜಗಲಿಯಲ್ಲಿ ಕುಳಿತೆವು. ಧೈರ್ಯ ಬಿಡಬೇಡ, ಕಷ್ಟ ಎಲ್ಲರಿಗೂ ಇದೆ, ವಿದ್ಯೆಯೇ ಸಂಪತ್ತು ಎಂದು ತರಗತಿಯಲ್ಲಿ ಹೇಳುವುದನ್ನೆಲ್ಲ ಹೇಳಿದೆವು. ಹುಡುಗ ತಲೆ ತಗ್ಗಿಸಿ "ಆಯಿತು ಸರ್" ಎಂದ. ನಾವು ತೃಪ್ತಿಯಿಂದ ಮರಳಿದೆವು. ಮರುದಿನ ತಾಯಿ ಫೋನ್ ಮಾಡಿ "ಹಾಗೇ ಇದ್ದಾನೆ" ಎಂದರು. ನಮಗೆ ನಾಚಿಕೆಯಾಯಿತು.

ಎರಡನೆಯ ಸಲ ಹೋದಾಗ ನಾವು ಉಪದೇಶ ಮಾಡಲಿಲ್ಲ. "ನಿನ್ನೆ ರಾತ್ರಿ ಎಂತ ಉಂಡದ್ದು? ಕಾಲೇಜಿಗೆ ಎಷ್ಟು ಕೊಡಲಿಕ್ಕಿದೆ?" ಎಂದು ಕೇಳಿದೆವು. ಆಗ ಮಾತು ಹೊರಬಂತು. ತಾನು ಇಲ್ಲದಿದ್ದ ತಿಂಗಳುಗಳಿಗೂ ಹಾಸ್ಟೆಲಿನ ಹಣ ಕಟ್ಟಬೇಕೆಂದು ಸೂಚನೆ ಬಂದಿತ್ತು. ಪರೀಕ್ಷಾ ಶುಲ್ಕವೂ ಬಾಕಿ. ಫೋನಿನ ಗಾಜು ಒಡೆದು ಆನ್‌ಲೈನ್ ಪಾಠ ತಪ್ಪಿತ್ತು. ಕೊನೆಯ ವರ್ಷದ ಪರೀಕ್ಷೆಗಳನ್ನು ಸೆಪ್ಟೆಂಬರ್ ಮುಗಿಯುವುದರೊಳಗೆ ನಡೆಸಬೇಕೆಂದು ಯು.ಜಿ.ಸಿ. ಜುಲೈ ೬ರಂದು ಹೇಳಿತ್ತು. ಅದು ನ್ಯಾಯಾಲಯಕ್ಕೆ ಹೋದುದರಿಂದ ಪರೀಕ್ಷೆ ಉಂಟೋ ಇಲ್ಲವೋ ತಿಳಿಯದು. ಓದೋಣವೆಂದರೆ ಪುಸ್ತಕಗಳು ಹಾಸ್ಟೆಲಿನ ಕೋಣೆಯಲ್ಲಿ. "ಪ್ರಾಂಶುಪಾಲರಿಗೆ ಬರೆದೆಯಾ?" ಎಂದು ಕೇಳಿದೆವು. ಅವನು ಆಶ್ಚರ್ಯದಿಂದ ನೋಡಿದ. "ಹಾಗೆಲ್ಲ ಬರೆಯಬಹುದಾ ಸರ್?"

ಆ ಪ್ರಶ್ನೆ ನಮ್ಮ ಎದೆಗೆ ನಾಟಿತು. ಮನವಿಪತ್ರ ಬರೆಯುವುದನ್ನು ವರ್ಷವರ್ಷವೂ ಕಲಿಸುತ್ತೇವೆ. ಇಂದ, ಗೆ, ಮಾನ್ಯರೇ, ವಿಷಯ, ತಮ್ಮ ವಿಧೇಯ: ಒಂದು ತಪ್ಪಿದರೂ ಅಂಕ ಕಳೆಯುತ್ತೇವೆ. ಊರಿಗೆ ಬಸ್ಸು ಬೇಕು, ಬೀದಿ ದೀಪ ಬೇಕು ಎಂದು ಬರೆಸಿದ್ದೇವೆ. ನಿನಗೇ ಕಷ್ಟ ಬಂದಾಗ ಇದೇ ಪತ್ರವನ್ನು ನಿನಗಾಗಿ ಬರೆಯಬಹುದೆಂದು ನಾವು ಎಂದೂ ಹೇಳಿರಲಿಲ್ಲ. ಅಂದು ಆ ಜಗಲಿಯಲ್ಲಿ ಅವನೇ ಪತ್ರ ಬರೆದ. ನಾವು ಕಾಗುಣಿತವನ್ನೂ ತಿದ್ದಲಿಲ್ಲ. ಮೊದಲ ಪತ್ರಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ ಬಂತು: ಇಲ್ಲದಿದ್ದ ತಿಂಗಳುಗಳ ಹಾಸ್ಟೆಲ್ ಹಣ ಬೇಡ, ಪರೀಕ್ಷಾ ಶುಲ್ಕವನ್ನು ಎರಡು ಕಂತಿನಲ್ಲಿ ಕಟ್ಟಬಹುದು. ಅಂದು ರಾತ್ರಿ ಹುಡುಗ ಉಂಡನೆಂದು ತಾಯಿ ತಿಳಿಸಿದರು.

ನೋಟುಪುಸ್ತಕ ಹುಟ್ಟಿದ್ದು ಹೀಗೆ. ಹಿಂದಿನ ಐದಾರು ವರ್ಷಗಳ ಮಕ್ಕಳ ಹೆಸರು ಬರೆದು, ಹಂಚಿಕೊಂಡು ಒಬ್ಬೊಬ್ಬರಿಗೇ ಫೋನ್ ಮಾಡಿದೆವು. ಕೆಲವರಿಗೆ ಬೇಕಾದುದು ರೀಚಾರ್ಜಿನ ಹಣ. ಗುಡ್ಡೆಯ ತುದಿಯಲ್ಲಿ ಕೊಡೆ ಹಿಡಿದು ಪಾಠ ಕೇಳುತ್ತಿದ್ದ ಹುಡುಗಿಗೆ ಸಿಗ್ನಲ್ ಇರುವ ಮನೆಯ ಒಂದು ಮೂಲೆ ಸಾಕಾಗಿತ್ತು. ರಸ್ತೆ ಬದಿಯ ಮನೆಯವರು ತಮ್ಮ ಚಾವಡಿ ಬಿಟ್ಟುಕೊಟ್ಟರು. ಆಗಸ್ಟ್ ೨೮ರಂದು ಸುಪ್ರೀಂ ಕೋರ್ಟು ಯು.ಜಿ.ಸಿ.ಯ ಮಾತನ್ನು ಎತ್ತಿಹಿಡಿದು ಪರೀಕ್ಷೆ ಖಚಿತವಾದ ಮೇಲೆ, ನಾಲ್ವರನ್ನು ಒಂದೇ ಜೀಪಿನಲ್ಲಿ ತಲಪಾಡಿಯ ತನಕ ಕಳುಹಿಸಿದೆವು. ಅಲ್ಲಿಂದ ಅವರು ನಡೆದು ಗಡಿ ದಾಟಿ ಆಚೆಯ ಬಸ್ಸು ಹಿಡಿದರು.

ಹಣಕ್ಕೆ ಸಿಗದ ಸಂಕಟವೂ ಇತ್ತು. ಮನಸ್ಸಿನ ಧೈರ್ಯಕ್ಕಾಗಿ ಕೇರಳದ ಆರೋಗ್ಯ ಇಲಾಖೆ 'ಒಟ್ಟಕ್ಕಲ್ಲ ಒಪ್ಪಮುಂಡ್' ಎಂಬ ವ್ಯವಸ್ಥೆ ಮಾಡಿತ್ತು. ನೀವು ಒಂಟಿಯಲ್ಲ, ಜೊತೆಗಿದ್ದೇವೆ ಎಂದು ಅದರ ಅರ್ಥ. ಕೇಂದ್ರ ಸರಕಾರವೂ ಅದೇ ಜುಲೈಯಲ್ಲಿ ವಿದ್ಯಾರ್ಥಿಗಳಿಗಾಗಿ 'ಮನೋದರ್ಪಣ' ಆರಂಭಿಸಿತು. ಒಳ್ಳೆಯ ಕೆಲಸಗಳು. ಆದರೆ ಒಬ್ಬಳು ಹುಡುಗಿ ಹೇಳಿದ ಮಾತು ನೆನಪಿದೆ: "ಮಲೆಯಾಳ ಮಾತಾಡಲು ಬರುತ್ತದೆ ಟೀಚರೇ, ಅದರಲ್ಲಿ ಸಂಕಟ ಹೇಳಲು ಬರುವುದಿಲ್ಲ." ಅವಳ ಮಾತನ್ನು ಅವಳ ಭಾಷೆಯಲ್ಲಿ ಕೇಳುವುದಷ್ಟೇ ನಮ್ಮಿಂದಾಯಿತು. ವಾರಕ್ಕೆ ಎರಡು ಸಲ ಕೇಳಿದೆವು.

೨೦೨೧ರ ಫೆಬ್ರವರಿಯಲ್ಲಿ ಕೇರಳದಿಂದ ಕರ್ನಾಟಕಕ್ಕೆ ಹೋಗುವವರು ೭೨ ಗಂಟೆಗಳೊಳಗಿನ ಆರ್.ಟಿ.ಪಿ.ಸಿ.ಆರ್. ಸರ್ಟಿಫಿಕೇಟು ತೋರಿಸಬೇಕೆಂದಾಯಿತು. ರೋಗ ತಡೆಯಲು ಕ್ರಮ ಬೇಕು, ಒಪ್ಪಿದೆವು. ಆದರೆ ಬೆಳಗ್ಗೆ ಹೋಗಿ ಸಂಜೆ ಮರಳುವ ಮಕ್ಕಳಿಗೆ ಮತ್ತೆ ಮತ್ತೆ ಪರೀಕ್ಷೆ, ಮತ್ತೆ ಮತ್ತೆ ಸಾಲು. ನಮ್ಮ ಪುಸ್ತಕದಲ್ಲಿ ಇನ್ನೂ ಕೆಲವು ಪುಟಗಳು ತುಂಬಿದವು.

ಇನ್ನೊಂದನ್ನೂ ಹೇಳದಿದ್ದರೆ ಈ ಲೇಖನ ಸುಳ್ಳಾದೀತು. ಪುಸ್ತಕದಲ್ಲಿ ಒಂದು ಹೆಸರಿನ ಮುಂದೆ ಏನೂ ಬರೆದಿಲ್ಲ. ಆಕೆ ತನ್ನ ತರಗತಿಯಲ್ಲೇ ಗಟ್ಟಿಗಿತ್ತಿ. ಭಾಷಣಕ್ಕೂ ಮುಂದೆ, ಓಟಕ್ಕೂ ಮುಂದೆ. 'ಇವಳಿಗೆ ಮತ್ತೆ ಮಾಡಿದರಾಯಿತು' ಎಂದು ನಾವು ಮುಂದೆ ಮುಂದೆ ಹಾಕಿದೆವು. ಫೋನ್ ಮಾಡಿದಾಗ ಆಕೆ ಬಿ.ಎಸ್ಸಿ. ಎರಡನೆಯ ವರ್ಷಕ್ಕೆ ಬಿಟ್ಟು ಮೂರು ತಿಂಗಳಾಗಿತ್ತು, ಮದುವೆ ನಿಶ್ಚಯವಾಗಿತ್ತು. "ಒಂದು ಮಾತು ಹೇಳಬಾರದಿತ್ತೇ ಮಗಾ?" ಎಂದೆವು. "ನೀವು ಕೇಳಲಿಲ್ಲವಲ್ಲ" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಮಗೆ ಹಗುರವಾಗುತ್ತಿತ್ತು.

ಪತ್ರ ಬರೆದ ಹುಡುಗ ಆ ವರ್ಷವೇ ತೇರ್ಗಡೆಯಾಗಿ ಈಗ ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸದಲ್ಲಿದ್ದಾನೆ. ಅವನ ತಮ್ಮನೂ ನಮ್ಮ ಶಾಲೆಯಿಂದ ಕಲಿತು ಹೋದ.

ಹೆತ್ತವರೇ, ನಿಮ್ಮಲ್ಲಿ ಒಂದು ಬಿನ್ನಹ. ಮಗ, ಮಗಳು ದೂರದ ಕಾಲೇಜಿಗೆ ಹೋದ ಮೇಲೆ ಫೋನಿನಲ್ಲಿ ಅಂಕ ಎಷ್ಟು ಬಂತೆಂದು ಕೇಳುವ ಮೊದಲು, ಉಂಡೆಯಾ, ನಿದ್ದೆ ಬಂತೇ, ಕೈಯಲ್ಲಿ ಎಷ್ಟಿದೆ ಎಂದು ಕೇಳಿರಿ. ರೋಗದ ಕಾಲದಲ್ಲಿ ಮಾತ್ರವಲ್ಲ, ಎಂದೂ ಕೇಳಿರಿ. ಮಕ್ಕಳೇ, ನೆರವು ಕೇಳುವುದು ಭಿಕ್ಷೆಯಲ್ಲ. ನೀವು ಕಲಿತ ಮನವಿಪತ್ರ ಹತ್ತನೆಯ ತರಗತಿಯ ಪರೀಕ್ಷೆಯೊಂದಿಗೆ ಮುಗಿಯುವುದಿಲ್ಲ. ಮೊದಲ ಪತ್ರಕ್ಕೆ ಉತ್ತರ ಬಾರದಿದ್ದರೆ ಎರಡನೆಯದನ್ನು ಬರೆಯಿರಿ. ಆಗಲೂ ಬಾರದಿದ್ದರೆ ನಮ್ಮಲ್ಲಿಗೆ ಬನ್ನಿ.

ನೋಟುಪುಸ್ತಕದಲ್ಲಿ ಇನ್ನೂ ಹಾಳೆಗಳು ಉಳಿದಿವೆ. ನೀವು ಈ ಶಾಲೆಯ ಮೆಟ್ಟಿಲಿಳಿದು ಹೋಗುವ ದಿನ ನಿಮ್ಮ ಹೆಸರನ್ನೂ ಅದರಲ್ಲಿ ಬರೆದುಕೊಳ್ಳುತ್ತೇವೆ. ನೀವು ಗಟ್ಟಿಗರಾಗಿದ್ದರೂ ಸರಿ, ಈ ಸಲ ನಾವೇ ಮೊದಲು ಕೇಳುತ್ತೇವೆ.